ಶೇಂಗಾ ಗಲ್ಲಿಯಲ್ಲಿ ಸದ್ದು ತಡೆದು ನಿಂತವಳು

ಬೆಳಗಿನ ಐದೂಕಾಲು. ಗಡಿಯೂರು ಜತ್ತದ ಶೇಂಗಾ ಗಲ್ಲಿಯಲ್ಲಿ ಬೀದಿದೀಪವೊಂದನ್ನು ಬಿಟ್ಟರೆ ಬೇರೆ ಬೆಳಕಿಲ್ಲ. ತಲೆಗೆ ಸೆರಗು ಸುತ್ತಿಕೊಂಡ ಹೆಂಗಸೊಬ್ಬಳು ಹಳೆಯ ಶೇಂಗಾ ಗೋದಾಮಿನ ಪಕ್ಕದ ಕಲ್ಲು ಮೆಟ್ಟಿಲು ಹತ್ತುತ್ತಾಳೆ. ಹದಿನಾಲ್ಕು ಮೆಟ್ಟಿಲು. ಅರ್ಧಕ್ಕೆ ನಿಂತು ಗೋಡೆ ಹಿಡಿದು ಕೆಮ್ಮುತ್ತಾಳೆ. ಕೆಮ್ಮು ತಗ್ಗಿದ ಮೇಲೆ ಮತ್ತೆ ಹತ್ತಿ, ಸೊಂಟದ ಬೀಗದಕೈ ತೆಗೆದು, ಬಾಗಿಲನ್ನು ಸ್ವಲ್ಪ ಮೇಲಕ್ಕೆತ್ತಿ ನೂಕುತ್ತಾಳೆ. ಹಾಗೆ ಎತ್ತಿ ನೂಕಿದರೆ ಮಾತ್ರ ಆ ಬಾಗಿಲು ಕಿರುಗುಡುವುದಿಲ್ಲ. ಕಿರುಗುಟ್ಟಿದರೆ ಇವತ್ತು ಕೇಳುವವರು ಯಾರೂ ಇಲ್ಲ. ಆದರೂ ಎತ್ತಿಯೇ ನೂಕುತ್ತಾಳೆ.

ಐವತ್ತೆಂಟು ವರ್ಷದ ಸಿದ್ದಲಿಂಗವ್ವ ಈ ಕೋಣೆಯ ಕಸ ಗುಡಿಸಲು ಬಂದು ಹತ್ತೊಂಬತ್ತು ವರ್ಷವಾಯಿತು. ಓಣಿಯ ಕಡೆಗಿನ ನಾಲ್ಕು ಕಿಟಕಿ ತೆರೆಯುತ್ತಾಳೆ. ಮಾಳಿಗೆಯ ಮೇಲ್ಮುದ್ದೆಯ ಮಣ್ಣು ರಾತ್ರಿಯೆಲ್ಲ ಉದುರಿ ನೆಲದ ಮೇಲೆ ತೆಳ್ಳಗೆ ಹರಡಿದೆ. ಒಂದು ಮೂಲೆಯಿಂದ ಹಿಡಿದು ಗುಡಿಸುತ್ತಾಳೆ. ಸುತ್ತಿಟ್ಟ ಜಮಖಾನೆಯನ್ನು ಎಳೆದು, ಇಲಿ ಕಡಿದಿದೆಯೇ ನೋಡಿ, ಮತ್ತೆ ಸುತ್ತಿಡುತ್ತಾಳೆ. ಈ ಕೋಣೆಯಲ್ಲಿ ಯಾರೂ ಹಾಡದೆ ಒಂಬತ್ತು ತಿಂಗಳಾಗಿದೆ. ಸಂಕ್ರಮಣ ಕಳೆದ ಮೇಲೆ ಇಡೀ ಕಟ್ಟಡವನ್ನೇ ಕೆಡವುತ್ತಾರೆ. ಮತ್ತೇಕೆ ಗುಡಿಸುತ್ತೀರಿ ಎಂದು ಕೇಳಿದರೆ ಕೈ ನಿಲ್ಲಿಸದೆ ಹೇಳುತ್ತಾಳೆ: "ಹಾಡು ನಿಂತೈತಿ ಅಂತ ಮಣ್ಣು ಬೀಳೂದು ನಿಂತೈತೇನ್ರಿ?"

ಊರವರ ಬಾಯಲ್ಲಿ ಇದು 'ಹಾಡಿನ ಖೋಲಿ'. ಮೂವತ್ತೆರಡು ಅಡಿ ಉದ್ದ, ಹದಿನಾರು ಅಡಿ ಅಗಲ, ನಡುವೆ ತೇಗಿನ ನಾಲ್ಕು ಕಂಬ. ನಲವತ್ತೈದು ಮಂದಿ ಕಾಲು ಮಡಚಿ ಕುಳಿತರೆ ತುಂಬಿತು. ಶೇಂಗಾ ವ್ಯಾಪಾರಿ ಶ್ರೀಶೈಲಪ್ಪನವರು ಕಾಲು ಶತಮಾನದ ಹಿಂದೆ ತಮ್ಮ ಗೋದಾಮಿನ ಮೇಲಿನ ಈ ಕೋಣೆಯನ್ನು ಸಂಗೀತಕ್ಕೆ ಬಿಟ್ಟುಕೊಟ್ಟರು. ಪ್ರತಿ ತಿಂಗಳ ಮೊದಲ ಭಾನುವಾರ, ನಸುಕಿನ ಆರಕ್ಕೆ ಬೈಠಕ್. ಸಂಜೆ ಯಾಕಿಲ್ಲ ಎಂದು ಕೇಳಿದವರಿಗೆ ಅವರು ಕೊಡುತ್ತಿದ್ದ ಉತ್ತರ ಊರಿನ ಹಿರಿಯರಿಗೆ ಇನ್ನೂ ನೆನಪಿದೆ: "ಸಂಜಿ ರಾಗಕ್ಕ ಎಲ್ಲಾ ಊರಾಗೂ ಜಾಗಾ ಐತಿ. ಮುಂಜಾನಿ ರಾಗ ಪಾಪ ಎಲ್ಲಿಗೆ ಹೋಗಬೇಕ್ರಿ?"

ಅವರದು ಎರಡೇ ನಿಯಮ. ಮೈಕ್ ಇಲ್ಲ. ಮತ್ತು ಯಾರೂ ಹಾಡನ್ನು ಮುದ್ರಿಸಿಕೊಳ್ಳುವಂತಿಲ್ಲ. ಕೇಳಿದ್ದು ಕೇಳಿದವರ ಹತ್ತಿರವೇ ಇರಲಿ ಎಂಬುದು ಅವರ ಹಟ. ಮೊಬೈಲ್ ಫೋನು ಬಂದ ಮೇಲೂ ಬಾಗಿಲ ಬಳಿ ಒಂದು ಬುಟ್ಟಿ ಇಡಿಸಿದರು. ಒಳಗೆ ಬರುವವರು ಚಪ್ಪಲಿ ಹೊರಗೆ, ಫೋನು ಬುಟ್ಟಿಯೊಳಗೆ ಬಿಟ್ಟು ಬರಬೇಕು. ಒಂಬತ್ತು ವರ್ಷದ ಹಿಂದೆ ಅವರು ತೀರಿಹೋದಾಗ ಮೊಮ್ಮಗಳು, ಕನ್ನಡ ಶಾಲೆಯ ಶಿಕ್ಷಕಿ ದೀಪಾಲಿ, ಕೋಣೆಯ ಹೊಣೆ ಹೊತ್ತುಕೊಂಡಳು. ನಿಯಮ ಎರಡನ್ನೂ ಹಾಗೇ ಉಳಿಸಿಕೊಂಡಳು.

ಸಿದ್ದಲಿಂಗವ್ವನ ತವರು ಸೊರಡಿ. ಹದಿನಾರಕ್ಕೆ ಮದುವೆಯಾಗಿ ಜತ್ತಕ್ಕೆ ಬಂದಳು. ಗಂಡ ಮಲ್ಲು ಶ್ರೀಶೈಲಪ್ಪನವರ ಗೋದಾಮಿನಲ್ಲಿ ಹಮಾಲ. ಇಪ್ಪತ್ತು ವರ್ಷ ಶೇಂಗಾ ಚೀಲ ಹೊತ್ತ ಎದೆಗೆ ಕೊನೆಗೆ ಉಸಿರೇ ಹತ್ತದಾಯಿತು. ಅವನು ಹೋದ ಮೂರನೆಯ ತಿಂಗಳಿಗೆ ಶ್ರೀಶೈಲಪ್ಪನವರು ಆಕೆಯನ್ನು ಕರೆಸಿ, ಕೆಲಸ ಒಂದಿದೆ ಎಂದರು. "ಕೆಳಗ ಶೇಂಗಾ, ಮ್ಯಾಲ ಹಾಡು. ಎರಡೂ ಕಸಾ ಬೀಳಸ್ತಾವ. ನೋಡ್ಕೋ ಅಂದ್ರು. ಹಾಡು ಎಂಥಾ ಕಸಾ ಬೀಳಸ್ತದ ಅಂತ ನಾ ಮನಿಗಿ ಹೋಗಿ ಭಾಳ ಹೊತ್ತ ವಿಚಾರ ಮಾಡಿದ್ನಿ" ಎಂದು ಸಿದ್ದಲಿಂಗವ್ವ ನಗುತ್ತಾಳೆ. ಆಕೆ ನಕ್ಕಿದ್ದು ಆ ಬೆಳಿಗ್ಗೆ ಅದೊಂದೇ ಸಲ.

ಕಸದ ಜೊತೆಗೆ ಇನ್ನೊಂದು ಕೆಲಸ ತಾನಾಗಿ ಬಂದು ಅಂಟಿಕೊಂಡಿತು. ಆಕೆ ಸೇರಿದ ಮೊದಲ ತಿಂಗಳ ಬೈಠಕ್. ಮೇಲೆ ಗಾಯಕರೊಬ್ಬರು ಕಣ್ಣು ಮುಚ್ಚಿ ಸ್ವರ ಹಿಡಿದಿದ್ದಾಗ ಕೆಳಗೆ ಟೆಂಪೋ ಒಂದು ಬಿಟ್ಟೂಬಿಡದೆ ಹಾರ್ನು ಹೊಡೆಯಿತು. ಗಾಯಕರು ಕಣ್ಣು ತೆರೆದರು. ಶ್ರೀಶೈಲಪ್ಪನವರು ಬಾಗಿಲ ಕಡೆ ನೋಡಿದರು. ಅಲ್ಲಿ ನಿಂತಿದ್ದ ಸಿದ್ದಲಿಂಗವ್ವ ಪೊರಕೆ ಹಿಡಿದುಕೊಂಡೇ ಹದಿನಾಲ್ಕು ಮೆಟ್ಟಿಲು ಇಳಿದು, ಪೊರಕೆಯನ್ನು ಓಣಿಗೆ ಅಡ್ಡವಾಗಿ ಹಿಡಿದು ಟೆಂಪೋದ ಮುಂದೆ ನಿಂತುಬಿಟ್ಟಳು. ಆ ಭಾನುವಾರದಿಂದ ಅದೇ ಆಕೆಯ ಜಾಗವಾಯಿತು.

ಬೈಠಕ್‌ನ ದಿನ ಬೆಳಿಗ್ಗೆ ಐದೂವರೆಯಿಂದ ಎಂಟೂವರೆಯವರೆಗೆ ಶೇಂಗಾ ಗಲ್ಲಿಯ ಸದ್ದು ಆಕೆಯ ಸುಪರ್ದಿಯಲ್ಲಿ. ಹಾಲಿನವರು ಗಾಡಿ ಬಂದ್ ಮಾಡಿ, ಕ್ಯಾನು ಬಡಿದಾಡದಂತೆ ನಡುವೆ ಗೋಣಿತಟ್ಟು ತುರುಕಿ, ತಳ್ಳಿಕೊಂಡು ದಾಟಬೇಕು. ಕೊತ್ತಂಬರಿಯವಳು ಕೂಗುವಂತಿಲ್ಲ. ಹಿಟ್ಟಿನ ಗಿರಣಿ ಎಂಟೂವರೆಯ ತನಕ ಸುಮ್ಮನಿರಬೇಕು. ಮಾಡಗ್ಯಾಳದ ಕಡೆಯಿಂದ ಬರುವ ಕುರಿಗಾಹಿ ಮಾಳುವಿನ ಹಿಂಡು ಹೊತ್ತು ಮೂಡುವ ವೇಳೆಗೆ ಸರಿಯಾಗಿ ಗಲ್ಲಿಯ ಬಾಯಿಗೆ ಬಂದು ನಿಲ್ಲುತ್ತಿತ್ತು. ಮುಂದಾಳು ಟಗರಿನ ಕೊರಳ ಗಂಟೆಗೆ ಅರಳೆ ತುರುಕಿ ಹಿಂಡನ್ನು ದಾಟಿಸುವುದು ಸಿದ್ದಲಿಂಗವ್ವನ ಪದ್ಧತಿ. ಅರಳೆ ಕೊಡುತ್ತಿದ್ದವರು ಎದುರಿಗಿನ ಗಾದಿ ಅಂಗಡಿಯ ಶೌಕತ. ಖೋಲಿಯಲ್ಲಿ ಒರಗಿ ಕೂರುವ ಇಪ್ಪತ್ತೆರಡು ಲೋಡುಗಳಿಗೆ ವರ್ಷಕ್ಕೊಮ್ಮೆ ಅರಳೆ ಹಿಂಜಿ ತುಂಬುತ್ತಿದ್ದವರೂ ಅವರೇ.

ಕೊರೋನಾದ ಎರಡು ವರ್ಷ ಬಿಟ್ಟರೆ ಆಕೆ ಹೀಗೆ ಕಾವಲು ನಿಂತ ಬೈಠಕ್‌ಗಳು ಇನ್ನೂರರ ಹತ್ತಿರ. ಅವುಗಳಲ್ಲಿ ಒಂದನ್ನೂ ಒಳಗೆ ಕುಳಿತು ಕೇಳಿರಲಿಲ್ಲ. "ಕಿಟಕ್ಯಾಗಿಂದ ಇಳದ ನನ್ನ ಹಂತ್ಯಾಕ ಬರೂ ಹೊತ್ತಿಗೆ ಹಾಡು ಅರ್ಧಾ ಆಗಿರತಿತ್ರಿ. ಉಳದ ಅರ್ಧಾ ಮ್ಯಾಲಿನವರ ತಿಂದ ಮುಗಸಿರತಿದ್ರು."

ಆ ಅರ್ಧದಲ್ಲಿಯೇ ಆಕೆ ರಾಗಗಳ ಗುರುತು ಹಿಡಿದಳು. ಹೆಸರು ಗೊತ್ತಿಲ್ಲದ್ದಕ್ಕೆ ತಾನೇ ಹೆಸರಿಟ್ಟಳು. ಕತ್ತಲಲ್ಲಿ ಶುರುವಾಗುವುದು ಹಾಲಿನವರ ರಾಗ. ಕೆಂಪು ಮೂಡುವಾಗಿನದು ಕುರಿ ರಾಗ. ಬಿಸಿಲು ಮೆಟ್ಟಿಲಿಗೆ ಬಂದ ಮೇಲಿನದು ಗಿರಣಿ ರಾಗ. ದೀಪಾಲಿ ಒಮ್ಮೆ ಕೂರಿಸಿಕೊಂಡು ಇದು ಲಲಿತ, ಇದು ಭೈರವ, ಇದು ತೋಡಿ ಎಂದು ಹೇಳಿಕೊಟ್ಟಳು. ಸಿದ್ದಲಿಂಗವ್ವ ಬಾಯಿಪಾಠ ಮಾಡಿದಳು, ಆದರೆ ಮಾತಿನಲ್ಲಿ ತನ್ನ ಹೆಸರುಗಳನ್ನೇ ಉಳಿಸಿಕೊಂಡಳು.

ಈ ವರ್ಷದ ಫೆಬ್ರವರಿಯ ಮೊದಲ ಭಾನುವಾರದ ಬೈಠಕ್ ಸೋನ್ಯಾಳದ ಶಿದ್ರಾಯ ಮಾಸ್ತರರದು. ಎಪ್ಪತ್ತೊಂದು ವರ್ಷದ ಈ ನಿವೃತ್ತ ಶಿಕ್ಷಕರು ಖೋಲಿಯ ಹಳೆಯ ಗಾಯಕರು. ಲಕ್ವಾ ಹೊಡೆದು ಮೂರು ವರ್ಷದಿಂದ ಹಾಡಿರಲಿಲ್ಲ. ದೀಪಾಲಿ ನಾಲ್ಕು ಸಲ ಸೋನ್ಯಾಳಕ್ಕೆ ಹೋಗಿ ಒಪ್ಪಿಸಿ ಬಂದಿದ್ದಳು. ಹಿಂದಿನ ದಿನ ಜಮಖಾನೆ ಹಾಸುತ್ತಿದ್ದ ಸಿದ್ದಲಿಂಗವ್ವನಿಗೆ ಆಕೆ ಹೇಳಿದಳು: "ನಾಳೆ ನೀ ಒಳಗ ಕುಂದ್ರು. ಮಾಸ್ತರು ಮತ್ತ ಯಾವಾಗ ಹಾಡ್ತಾರೋ ಯಾರಿಗೆ ಗೊತ್ತು."

ಸಿದ್ದಲಿಂಗವ್ವ ಒಪ್ಪಲಿಲ್ಲ. ಓಣಿ ಯಾರು ನೋಡ್ತಾರ ಎಂದಳು. ಲೋಡು ಜೋಡಿಸುತ್ತಿದ್ದ ಶೌಕತ ಮಾತು ಕೇಳಿಸಿಕೊಂಡು ನಕ್ಕರು. "ನಿನ್ನ ಕಸಬರಗಿ ನನ್ನ ಕೈಯಾಗ ಕೊಡ. ಒಂದ ದಿನ ನಾ ನಿಂದರ್ತೀನಿ. ನಿನ್ನಕಿಂತ ನನ್ನ ಗಡ್ಡಕ್ಕ ಮಂದಿ ಜಾಸ್ತಿ ಅಂಜತಾರ."

ಮರುದಿನ ಸಿದ್ದಲಿಂಗವ್ವ ಮಗಳು ಸೋನಾಲಿಯ ಮದುವೆಗೆಂದು ತಂದ ಹಸಿರು ಇಳಕಲ್ ಸೀರೆ ಉಟ್ಟು ಬಂದಳು. ಮಂಜಿನಿಂದಾಗಿ ಸೋನ್ಯಾಳದ ಜೀಪು ತಡವಾಯಿತು. ಮಾಸ್ತರರು ಮೆಟ್ಟಿಲು ಹತ್ತಿ, ದಣಿವಾರಿಸಿಕೊಂಡು, ತಂಬೂರಿ ಹಿಡಿದಾಗ ಏಳಕ್ಕೆ ಇನ್ನೂ ಹತ್ತು ನಿಮಿಷವಿತ್ತು. ಕೋಣೆಯಲ್ಲಿ ಇಪ್ಪತ್ತಾರು ಮಂದಿ ಇದ್ದರು. ಸಿದ್ದಲಿಂಗವ್ವ ಬಾಗಿಲ ಹತ್ತಿರದ ಕಂಬದ ಬದಿಗೆ, ಬಿರಿದ ಹಿಮ್ಮಡಿಗಳನ್ನು ಸೆರಗಿನೊಳಗೆ ಎಳೆದುಕೊಂಡು ಕುಳಿತಳು.

ಮಾಸ್ತರರು ಎತ್ತಿಕೊಂಡದ್ದು ಭೈರವ. ಆಕೆಯ ಕುರಿ ರಾಗ. ಇಷ್ಟು ವರ್ಷವೂ ಆಕೆಗೆ ತುಂಡು ತುಂಡಾಗಿ ಸಿಕ್ಕಿದ್ದ ರಾಗ ಅದು. ಗಂಟೆಗೆ ಅರಳೆ ತುರುಕುವಾಗ ಒಂದು ಚೂರು, ಹಿಂಡು ದಾಟಿದ ಮೇಲೆ ಒಂದು ಚೂರು. ಕೆಳಗೆ ನಿಂತವಳಿಗೆ ಹಾಡೆಂದರೆ ಕಿಟಕಿಯಿಂದ ಹೊರಬರುವ ಹಬೆಯಂತಿತ್ತು, ಅದಕ್ಕೆ ಮುಖವಿರಲಿಲ್ಲ. ಇಲ್ಲಿ ಎದುರಿಗೇ ಕೊರಳ ನರ ಉಬ್ಬಿದ ಮುದುಕ, ಸ್ವಲ್ಪ ವಾರೆಯಾದ ತುಟಿ, ಆ ತುಟಿಯ ತುದಿಯಲ್ಲಿ ಒಂದು ಹನಿ ಜೊಲ್ಲು. ಮೊದಮೊದಲು ಆಕೆಗೆ ನೋಡಲು ಸಂಕೋಚವಾಯಿತು, ಯಾರೋ ಸ್ನಾನ ಮಾಡುವಾಗ ಇಣುಕಿದ ಹಾಗೆ. ಒಂದು ಕಿವಿ ಇನ್ನೂ ಓಣಿಯಲ್ಲೇ ಇತ್ತು. ಹಾಲಿನವ ದಾಟಿದ. ಮಾಳುವಿನ ಹಿಂಡು ಬಂದಿತು, ಗಂಟೆಯ ಸದ್ದಾಗಲಿಲ್ಲ. ಶೌಕತ ಅರಳೆ ತುರುಕಿರಬೇಕು ಎಂದುಕೊಂಡಳು.

"ಆಮ್ಯಾಲ ಮಾಸ್ತರು ಒಂದ ಕಡೆ ನಿಂತರ್ರಿ" ಎನ್ನುತ್ತಾಳೆ ಸಿದ್ದಲಿಂಗವ್ವ. ಗುಡಿಸುವುದನ್ನು ನಿಲ್ಲಿಸಿ ಆ ಕಂಬದ ಕಡೆ ನೋಡುತ್ತಾಳೆ. "ಮುಂದ ಹೋಗವಲ್ರು, ಹಿಂದ ಬರವಲ್ರು. ಅಲ್ಲೇ ನಿಂತ ಆ ದನಿ ಹಿಡದ ಅಲಗಾಡಸಾಕತ್ರು. ನನಗ ಅಳು ಬಂತು. ನನ್ನ ಗಂಡ ಸತ್ತಾಗೂ ಅಷ್ಟ ಹಗೂರ ಅಳು ಬಂದಿರಲಿಲ್ರಿ. ಆವಾಗ ನಾ ಓಣಿ ಮರತ್ನಿ. ಹತ್ತೊಂಬತ್ತ ವರ್ಷದಾಗ ಅದೊಂದ ಸಲ ಓಣಿ ಮರತ್ನಿ."

ಆಗ ಏಳು ದಾಟಿ ಎರಡು ನಿಮಿಷ. ಆ ದಿನ ಊರಿನಲ್ಲಿ ಯಾರೋ ಮುಖಂಡರ ಹುಟ್ಟುಹಬ್ಬದ ಮೆರವಣಿಗೆ ಇತ್ತು. ಚೌಕದಲ್ಲಿ ಕಬ್ಬಿನ ಟ್ರಾಲಿ ಅಡ್ಡ ನಿಂತಿದ್ದರಿಂದ ಡಿಜೆ ಗಾಡಿ ಶೇಂಗಾ ಗಲ್ಲಿಗೆ ತಿರುಗಿತು. ಎರಡಾಳು ಎತ್ತರಕ್ಕೆ ಪೇರಿಸಿದ ಸ್ಪೀಕರುಗಳು. ಗಾಡಿಯ ಹುಡುಗರಿಗೆ ಮೇಲೆ ಏನು ನಡೆದಿದೆಯೆಂದು ಗೊತ್ತಿರಲಿಲ್ಲ. ಗಲ್ಲಿ ಅಗಲವಾಗುವ ಜಾಗದಲ್ಲಿ, ಅಂದರೆ ಖೋಲಿಯ ಕಿಟಕಿಗಳ ಕೆಳಗೇ ನಿಲ್ಲಿಸಿ, ಟೆಸ್ಟಿಂಗ್ ಎಂದು ಪೂರ್ತಿ ದನಿ ಬಿಟ್ಟರು.

ಕಿಟಕಿಯ ಚೌಕಟ್ಟು ನಡುಗಿತು. ಮೇಲ್ಮುದ್ದೆಯ ಮಣ್ಣು ಗಾಯಕರ ಹೆಗಲ ಮೇಲೂ ತಬಲಾದ ಮೇಲೂ ಸುರಿಯಿತು. ಮಾಸ್ತರರ ಬಾಯಿ ತೆರೆದೇ ಇತ್ತು, ದನಿ ಮಾತ್ರ ಯಾರಿಗೂ ಕೇಳಲಿಲ್ಲ. ಸ್ವಲ್ಪ ಹೊತ್ತಿನ ಮೇಲೆ ಅವರು ಬಾಯಿ ಮುಚ್ಚಿದರು. ಮೀಟದಿದ್ದರೂ ತಂಬೂರಿಯ ತಂತಿಗಳು ಆ ಅಬ್ಬರಕ್ಕೆ ತಾವೇ ಗುಂಯ್‌ಗುಟ್ಟುತ್ತಿದ್ದವು. ಅವರು ಅಂಗೈಯನ್ನು ತಂತಿಗಳ ಮೇಲಿಟ್ಟು ಒತ್ತಿ ಹಿಡಿದರು, ಮಗುವಿನ ಬಾಯಿ ಮುಚ್ಚುವ ಹಾಗೆ.

ಸಿದ್ದಲಿಂಗವ್ವ ಮೆಟ್ಟಿಲಿಳಿದು ಓಡಿದಳು. ಶೌಕತ ಅಂಗಡಿಯ ಕಟ್ಟೆಯ ಬುಡದಲ್ಲಿ ಬಲಗೈಯನ್ನು ಎಡಗೈಯಲ್ಲಿ ಹಿಡಿದು ಕುಳಿತಿದ್ದರು. ಎರಡೂ ಕೈಯೆತ್ತಿ ಗಾಡಿಯ ಮುಂದೆ ನಿಂತವರನ್ನು ಯಾರೋ ಬದಿಗೆ ಸರಿಸಿದ್ದರು. ಸರಿಸಿದವನಿಗೆ ಅದು ನೂಕಿದ್ದು ಎಂದೂ ಅನಿಸಿರಲಿಕ್ಕಿಲ್ಲ. ಶೌಕತ ಕಟ್ಟೆಯ ಕಲ್ಲಿನ ಮೇಲೆ ಕೈಯೂರಿ ಬಿದ್ದರು. ಮಣಿಕಟ್ಟು ಎರಡು ಕಡೆ ಮುರಿದಿತ್ತು. ಆರು ನಿಮಿಷದ ನಂತರ ಗಾಡಿ ಹೊರಟುಹೋಯಿತು. ಮೇಲೆ ಎಲ್ಲರೂ ಕಾದು ಕುಳಿತಿದ್ದರು. ಮಾಸ್ತರರು ತಂಬೂರಿಯನ್ನು ನೆಲಕ್ಕೆ ಮಲಗಿಸಿ, "ಸಾಕ್ರಿ, ಇವತ್ತಿಗೆ ಇಷ್ಟ ಸಾಕು" ಎಂದರು. ಅವರು ಅಂದಿನಿಂದ ಹಾಡಿಲ್ಲ.

ಮುಂದಿನದೆಲ್ಲ ಬೇಗ ಬೇಗ ನಡೆಯಿತು. ಮಾರ್ಚಿಗೆಂದು ಗೊತ್ತುಮಾಡಿದ್ದ ಗಾಯಕಿ ಬರುವುದಿಲ್ಲವೆಂದು ಹೇಳಿಕಳಿಸಿದರು. ಏಪ್ರಿಲಿನಲ್ಲಿ ಹಾಡುವವರು ಒಪ್ಪಿದ್ದರು, ಕೇಳಲು ಬಂದವರು ನಾಲ್ಕೇ ಮಂದಿ. ಗಾಯಕರು ಚಹಾ ಕುಡಿದು ಹಿಂದಿರುಗಿದರು. ಜೂನಿನಲ್ಲಿ ದೀಪಾಲಿಯ ಕಾಕಾ ಕಲ್ಮೇಶ ಖೋಲಿ ಮುಚ್ಚುವ ಮಾತೆತ್ತಿದರು. ಕಟ್ಟಡ ಅವರ ಹೆಸರಿನಲ್ಲಿದೆ. ಅವರನ್ನು ಕೆಟ್ಟವರೆನ್ನಲು ಯಾರಿಗೂ ಬಾಯಿ ಬರುವುದಿಲ್ಲ. "ಅಪ್ಪಾರ ಆಶಾ ಅಂತ ಇಷ್ಟ ವರ್ಷ ನಡಸಿದ್ವಿ" ಎನ್ನುತ್ತಾರೆ ಅವರು. "ಗ್ವಾಡಿ ಬಿರಿತಾವ. ನಾಳೆ ಕೇಳಾಕ ಬಂದವರ ತಲಿ ಮ್ಯಾಲ ಮಾಳಗಿ ಬಿದ್ರ ಯಾರ ಜವಾಬ್ದಾರಿ? ನಾಲ್ಕ ಮಂದಿ ಸಲುವಾಗಿ ಮನಿ ನಿಲ್ಲಂಗಿಲ್ರಿ." ಮಾತು ನಿಜ. ದೀಪಾಲಿ ಸಂಕ್ರಮಣದವರೆಗೆ ಬೀಗದಕೈ ಸಿದ್ದಲಿಂಗವ್ವನ ಬಳಿ ಇರಲಿ ಎಂದು ಕೇಳಿ ಪಡೆದಳು, ಅಷ್ಟೆ.

ಸಿದ್ದಲಿಂಗವ್ವನಿಗೆ ಖೋಲಿಗಿಂತ ಹೆಚ್ಚಾಗಿ ಕಾಡಿದ್ದು ಶೌಕತರ ಕೈ. ಮಿರಜಿನಲ್ಲಿ ಪಟ್ಟಿ ಹಾಕಿಸಿದರೂ ಬೆರಳುಗಳಿಗೆ ಹಿಡಿತ ಮರಳಲಿಲ್ಲ. ಅರಳೆ ಹಿಂಜಲು ಯಂತ್ರವಿದೆ. ಆದರೆ ತುಂಬಿದ ಗಾದಿಯನ್ನು ಗೇಣುದ್ದದ ದಬ್ಬಳದಿಂದ ಎಳೆದು ಹೊಲಿಯುವುದಕ್ಕೆ ಮಣಿಕಟ್ಟೇ ಬೇಕು. ದಿನಕ್ಕೆ ನಾಲ್ಕು ಗಾದಿ ಹೊಲಿಯುತ್ತಿದ್ದವರು ಕಟ್ಟೆಯ ಮೇಲೆ ಸುಮ್ಮನೆ ಕೂರತೊಡಗಿದರು. ಅವರ ಹೆಂಡತಿ ಗೌಸಬಿ, ನೋಡಲು ಬಂದ ಸಿದ್ದಲಿಂಗವ್ವನನ್ನು ಹೊಸ್ತಿಲ ಹೊರಗೇ ನಿಲ್ಲಿಸಿದಳು. "ನಿನ್ನ ಒಂದ ಹಾಡಿನ ಹೌಸಿಗೆ ನಮ್ಮ ಮನಿ ಬಲಗೈ ಹೋತು. ಇನ್ನೇನ ಒಯ್ಯಾಕ ಬಂದಿ?"

ಸಿದ್ದಲಿಂಗವ್ವ ಅಂಗಡಿಯ ಕೆಳಗಿನ ಮೆಟ್ಟಿಲ ಮೇಲೆ ಕುಳಿತಳು. ಸಂಜೆ ಎದ್ದು ಹೋದಳು. ಮರುದಿನ ಖೋಲಿ ಗುಡಿಸಿ ಬಂದು ಮತ್ತೆ ಅಲ್ಲೇ ಕುಳಿತಳು. ಒಂಬತ್ತು ದಿನ ಹೀಗೇ ನಡೆಯಿತು. ಗಿರಾಕಿಗಳು ಆಕೆಯನ್ನು ದಾಟಿ ಹತ್ತಿ ಇಳಿದರು. ಹತ್ತನೆಯ ದಿನ ಗೌಸಬಿ ಒಂದು ದಬ್ಬಳ, ದಾರದ ಉಂಡೆ ತಂದು ಆಕೆಯ ಮಡಿಲಿಗೆ ಎಸೆದು ಒಳಗೆ ಹೋದಳು.

ಈಗ ಬೆಳಿಗ್ಗೆ ಎಂಟರಿಂದ ಸಂಜೆ ಆರರ ತನಕ ಸಿದ್ದಲಿಂಗವ್ವ ಗಾದಿ ಹೊಲಿಯುತ್ತಾಳೆ. ಶೌಕತ ಪಕ್ಕದಲ್ಲಿ ಕುಳಿತು ಎಲ್ಲಿ ಎಳೆಯಬೇಕು, ಎಲ್ಲಿ ಗಂಟು ಹಾಕಬೇಕು ಎಂದು ಹೇಳುತ್ತಾರೆ. ದಿನಕ್ಕೆ ಎರಡು ಗಾದಿ ಮುಗಿದರೆ ಹೆಚ್ಚು. ಬೆರಳ ತುದಿಗಳೆಲ್ಲ ತೂತು. ಅರಳೆಯ ಧೂಳಿಗೆ ಎದೆ ಕಟ್ಟಿ ಕೆಮ್ಮು ಹತ್ತಿದೆ. "ನನ್ನ ಗಂಡಂದು ಇದ ಕೆಮ್ಮ ಇತ್ತು" ಎಂದು ಹೇಳಿ ಮಾತು ಬದಲಿಸುತ್ತಾಳೆ. ಗೌಸಬಿ ಮಧ್ಯಾಹ್ನ ಒಂದು ತಾಟಿನಲ್ಲಿ ರೊಟ್ಟಿ ಪಲ್ಯ ಇಟ್ಟುಹೋಗುತ್ತಾಳೆ. ಮಾತಾಡಿಸುವುದಿಲ್ಲ. ಶೌಕತರಿಗೆ ಸಿಟ್ಟಿಲ್ಲ. "ಆಕಿ ಇದ್ರೂ ಆ ಗಾಡಿ ನಿಲ್ಲತಿರಲಿಲ್ರಿ. ಆಕಿ ಕೈ ಮುರೀತಿತ್ತು, ಇಷ್ಟ ಫರಕು. ನಾ ಎಷ್ಟ ಸಲ ಹೇಳೀನಿ. ಕೇಳಂಗಿಲ್ಲ."

ಕಳೆದ ತಿಂಗಳು ಖೋಲಿಯ ಇಪ್ಪತ್ತೆರಡು ಲೋಡುಗಳನ್ನು ಕೈಗಾಡಿಯ ಮೇಲೆ ಹೇರಿ ಅಂಗಡಿಗೆ ತಂದರು. ಬಿಚ್ಚಿ, ಅರಳೆ ಹಿಂಜಿ, ಯಾರದೋ ಮದುವೆಗೆ ಗಾದಿ ಮಾಡಬೇಕಿತ್ತು. ಹೊಲಿಗೆ ಬಿಚ್ಚುವ ಕೆಲಸ ಸಿದ್ದಲಿಂಗವ್ವನ ಪಾಲಿಗೆ ಬಂತು. ಒರಗಿದವರ ಬೆನ್ನಿನ ತಗ್ಗು ಅರಳೆಯಲ್ಲಿ ಹಾಗೇ ಗಟ್ಟಿಯಾಗಿ ನಿಂತಿತ್ತು. ಒಂದೊಂದನ್ನೂ ಕೈಯಿಂದ ಹರಿದು ಯಂತ್ರಕ್ಕೆ ಹಾಕಿದಳು. ಅದೊಂದು ದಿನ ಗೌಸಬಿ ಒಳಗಿನಿಂದ ಬಂದು, ಆಕೆಯ ಎದುರು ಕುಳಿತು ಅರ್ಧ ಲೋಡುಗಳನ್ನು ತಾನೇ ಬಿಚ್ಚಿದಳು.

ಶಿದ್ರಾಯ ಮಾಸ್ತರರನ್ನು ಕಾಣಲು ಆಕೆಗೆ ಧೈರ್ಯ ಬಂದದ್ದು ಏಳು ತಿಂಗಳ ಮೇಲೆ. ಒಂದು ಸೋಮವಾರ ಎಸ್.ಟಿ. ಬಸ್ಸು ಹತ್ತಿ ಸೋನ್ಯಾಳಕ್ಕೆ ಹೋದಳು. ಮಾಸ್ತರರು ಬೇವಿನ ಮರದ ಕೆಳಗೆ ಹೊರಸಿನ ಮೇಲೆ ಕುಳಿತಿದ್ದರು. ಕಾಲು ಮುಟ್ಟಿ ಎದ್ದವಳು, ದಾರಿಯುದ್ದಕ್ಕೂ ಜೋಡಿಸಿಕೊಂಡು ಬಂದ ಮಾತೆಲ್ಲ ಮರೆತು, "ನಂದ ತಪ್ಪಾತ್ರಿ. ನಾ ಕೆಳಗ ನಿಂದರಬೇಕಿತ್ತು" ಎಂದಷ್ಟೇ ಹೇಳಿದಳು.

ಮಾಸ್ತರರು ಮನೆಯ ಒಳಗಿನವರಿಗೆ ಕೇಳದ ಹಾಗೆ ದನಿ ಇಳಿಸಿ ಮಾತಾಡಿದರು. ಅವರು ಹೇಳಿದ್ದನ್ನು ಸಿದ್ದಲಿಂಗವ್ವ ಅಕ್ಷರ ಬಿಡದೆ ಒಪ್ಪಿಸುತ್ತಾಳೆ: "ಯವ್ವಾ, ನಿನಗ ಖರೆ ಹೇಳ್ತೀನಿ. ಯಾರಿಗೂ ಹೇಳಿಲ್ಲ. ಆ ಗಾಡಿ ಬರೂಕಿಂತ ಮೊದಲ ನನ್ನ ದನಿ ಒಡದಿತ್ತು. ಮ್ಯಾಲ ಏರಬೇಕಂತ ನಿಂತಿದ್ನಿ. ಏರಾಕ ಬರಲಿಲ್ಲ. ಉಸರ ಹತ್ತಲಿಲ್ಲ, ಅದಕ್ಕ ಅಲ್ಲೇ ನಿಂತು ಎಳಕೋತ ಕುಂತಿದ್ನಿ. ಇನ್ನ ಮರ್ಯಾದಿ ಹೋತು ಅನ್ನೂದ್ರಾಗ ಗದ್ದಲ ಬಂತು. ದೇವರ ಕಳಸಿದ ಅಂದ್ಕೊಂಡೆ. ನಿಂದ ಏನೂ ತಪ್ಪಿಲ್ಲ. ಮನಸಿಗೆ ಹಚ್ಕೋಬ್ಯಾಡ, ಲಗೂನ ಮನಿಗಿ ಹೋಗು."

ಒಂದು ಜೀವವನ್ನು ಹಗುರ ಮಾಡಲು ಇಷ್ಟು ಮಾತು ಸಾಕಾಗಬೇಕಿತ್ತು. ಸಿದ್ದಲಿಂಗವ್ವ ಮಾತ್ರ ಅದನ್ನು ಒಪ್ಪಲಿಲ್ಲ. "ಸುಳ್ಳ ಹೇಳಬ್ಯಾಡ್ರಿ ಮಾಸ್ತರ. ನೀವು ನಿಂತ ಜಾಗಾನ ಚಲೋ ಇತ್ತು" ಎಂದಳು. ಮಾಸ್ತರರು ಅಲ್ಲ ಎನ್ನುವಂತೆ ತಲೆಯಾಡಿಸಿದರು. ಆಕೆ ನೀರೂ ಕುಡಿಯದೆ ಬಸ್‌ಸ್ಟ್ಯಾಂಡಿಗೆ ನಡೆದುಬಂದಳು.

ಸಂಗೀತ ಬಲ್ಲ ದೀಪಾಲಿಯೂ ಆ ದಿನ ಒಳಗೇ ಇದ್ದಳು. ಈ ಮಾತು ಎತ್ತಿದರೆ ಆಕೆ ಕೈಯಲ್ಲಿದ್ದ ಶಾಲೆಯ ಹಾಜರಿ ಪುಸ್ತಕವನ್ನು ಮುಚ್ಚಿ ತೆರೆದು ಮಾಡುತ್ತಾಳೆ. "ನನಗೂ ಹಂಗ ಅನಸಿತ್ತು. ಮಾಸ್ತರರ ಸ್ವರ ಅಲ್ಲಿ ಅಲಗಾಡಿತ್ತು. ರಾಗಕ್ಕಲ್ಲ, ಲಕ್ವಾದ ಬ್ಯಾನಿಗೆ ಅಲಗಾಡಿದ್ದು ಅದು. ಇದನ್ನ ಸಿದ್ದಲಿಂಗವ್ವನ ಮುಂದ ಹ್ಯಾಂಗ ಹೇಳಲಿ? ಹೇಳಿದ್ರ ಆಕಿಗೆ ಇದ್ದದ್ದ ಅದೊಂದು, ಅದೂ ಹೋಗ್ತದ."

ಸಂಜೆ ಆರು. ಗಾದಿ ಅಂಗಡಿಯಲ್ಲಿ ಸಿದ್ದಲಿಂಗವ್ವ ಆ ದಿನದ ಎರಡನೆಯ ಗಾದಿಯ ಕೊನೆಯ ಸಾಲು ಹೊಲಿಯುತ್ತಿದ್ದಾಳೆ. ಕಣ್ಣರೆಪ್ಪೆಯ ಮೇಲೆಲ್ಲ ಅರಳೆ ಕೂತಿದೆ. ಮಾಸ್ತರರೇ ತಪ್ಪಿಲ್ಲವೆಂದ ಮೇಲೆ ನೀವೇಕೆ ಅದನ್ನು ಹೊತ್ತುಕೊಂಡಿದ್ದೀರಿ ಎಂದು ಕೇಳಿದರೆ, ದಬ್ಬಳವನ್ನು ಗಾದಿಯಲ್ಲಿ ಚುಚ್ಚಿ ನಿಲ್ಲಿಸಿ, ತಲೆಯೆತ್ತುತ್ತಾಳೆ.

"ನಂದ ತಪ್ಪಿಲ್ಲ ಅಂದ್ರ ಅವರ ಹಾಡು ಕೆಟ್ಟಿತ್ತು ಅಂತ ಆಗ್ತೈತ್ರಿ. ನಾ ಕಂಬದ ಬದಿಗೆ ಕುಂತ ಕೇಳೀನಿ. ಕೆಟ್ಟಿರಲಿಲ್ಲ. ತಪ್ಪು ನಂದ ಇರಲಿ."